ಸುಂಕ ಕೇಳೋದೋ, ಸಾಲ ಕೇಳೋದೋ? ಚೀನಾ ರೇಷ್ಮೆ ಎದುರು ನಮ್ಮ ಸಣ್ಣ ರೀಲರ್‌ಗಳು

ಶಿಡ್ಲಘಟ್ಟ_ಬೇಸಿನ್

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ಫಿಲೇಚರ್, ಅಂದ್ರೆ ರೇಷ್ಮೆ ಗೂಡಿಂದ ನೂಲು ತೆಗೆಯೋ ಘಟಕ, ಇದೆ. ಅಪ್ಪನ ಕಾಲದಲ್ಲಿ ಹಳೇ ಥರದ ಕಾಟೇಜ್ ಬೇಸಿನ್, ಈಗ ಒಟ್ಟಿಗೆ ಹೆಚ್ಚು ಎಳೆ ತೆಗೆಯೋ ಮಲ್ಟಿ ಎಂಡ್ ಮಿಷಿನ್. ನಮ್ಮ ಕಡೆ ರೀಲರ್‌ಗಳು, ಅಂದ್ರೆ ನೂಲು ತೆಗೆಯೋರು, ಸೇರಿ ಸರ್ಕಾರಕ್ಕೆ ಒಂದು ಮನವಿ ಕೊಡೋರಿದ್ದೀವಿ. ಮೊದಲ ಬೇಡಿಕೆ ಏನಿರಬೇಕು ಅನ್ನೋದಕ್ಕೇ ಜಗಳ ಹತ್ಕೊಂಡಿದೆ. ಅರ್ಧ ಜನ "ಚೀನಾ ರೇಷ್ಮೆ ಮೇಲೆ ಸುಂಕ ಏರಿಸಿ, ಬೇರೇನೂ ಬೇಡ" ಅಂತಾರೆ. ನನ್ನಂಥ ಕೆಲವರು "ಸುಂಕ ಎಷ್ಟಾದ್ರೂ ಇರಲಿ, ಮೊದಲು ಕೈಯಲ್ಲಿ ದುಡ್ಡು ಓಡಾಡಲಿ" ಅಂತೀವಿ.

ಗೊತ್ತಿಲ್ಲದೋರಿಗೆ ನಮ್ಮ ಲೆಕ್ಕ ಹೇಳ್ತೀನಿ. ಗೂಡು ಕೆಜಿಗೆ 600 ಅಂದ್ಕೊಳ್ಳಿ. ಒಂದು ಕೆಜಿ ನೂಲಿಗೆ 7 ಕೆಜಿ ಗೂಡು ಬೇಕು ಅಂದ್ರೆ ಗೂಡಿಗೇ 4,200 ಹೋಯ್ತು. ದಿನಕ್ಕೆ 15 ಕೆಜಿ ನೂಲು ತೆಗೆದ್ರೆ 63,000 ರೂಪಾಯಿ. ಮಾರ್ಕೆಟ್ಟಲ್ಲಿ ಫೋನ್‌ನಲ್ಲಿ ಹರಾಜು ಕೂಗಿ ಲಾಟ್ ನಮ್ಮದಾದ ಮೇಲೆ ದುಡ್ಡು ಕಟ್ಟದೆ ಗೂಡು ಹೊರಗೆ ಬರಲ್ಲ. ಅದು ಸರಿಯೇ, ರೈತನಿಗೆ ದುಡ್ಡು ಸಿಗ್ಲೇಬೇಕು. ಆದ್ರೆ ನೂಲು ಹೋಗೋದು ಪೂರ್ತಿ ಸಾಲದ ಮೇಲೆ. ತಿಂಗಳಿಗೆ 25 ದಿನ ಬಾಯ್ಲರ್ ಉರಿದ್ರೆ 15 ಲಕ್ಷದ ಮೇಲೆ ಹೊರಗಡೆ ನಿಂತಿರುತ್ತೆ. ಸೌದೆ, ಕರೆಂಟು, ಕೂಲಿ ಇನ್ನೂ ಸೇರಿಸಿಲ್ಲ.

ಅಷ್ಟರಲ್ಲಿ ನೂಲು ಕೊಳ್ಳೋ ಬೆಂಗಳೂರಿನ ಪಾರ್ಟಿ ಫೋನ್ ಮಾಡಿ "ಚೀನಾ ಮಾಲು ಇಳಿದಿದೆ, ನಿಮ್ಮದೂ ಇಳಿಸಿ" ಅಂತಾನೆ. ಗೂಡು ನಾನು ನಿನ್ನೆ ರೇಟಿಗೆ ತಂದಿರ್ತೀನಿ. ಸುಂಕದ ಕಥೆನೂ ಹಾಗೇ: 2011ರ ಬಜೆಟ್ಟಲ್ಲಿ 30ರಿಂದ ಒಂದೇ ಸಲ 5 ಪರ್ಸೆಂಟಿಗೆ ಇಳಿಸಿದ್ರು, 2013ರಲ್ಲಿ 15 ಮಾಡಿದ್ರು, ನಡುವೆ 10ಕ್ಕೆ ತಂದ್ರು, 2021ರಲ್ಲಿ ಮತ್ತೆ 15. ಇದನ್ನ ನಂಬ್ಕೊಂಡು ಮಿಷಿನ್ನಿಗೆ ದುಡ್ಡು ಹಾಕೋದು ಹೇಗೆ?

ತಿಳಿದೋರು ಹೇಳಿ. ಮನವಿಯಲ್ಲಿ ಮೊದಲು ಏನು ಬರೀಬೇಕು?

ಚಂದ್ರಿಕೆ_ಗೌಡ

ಮೊದಲು ಬರೀರಿ: "ನಾವು ರೀಲರ್‌ಗಳು ಒಳಗೊಳಗೇ ಮಾತಾಡ್ಕೊಂಡು ಗೂಡಿನ ರೇಟ್ ಇಳಿಸಲ್ಲ" ಅಂತ. 😀

ಶಿಡ್ಲಘಟ್ಟ_ಬೇಸಿನ್

ಗೌಡ್ರೇ, ಇ-ಹರಾಜು ಬಂದ ಮೇಲೆ ಪಕ್ಕದೋನು ಎಷ್ಟು ಕೂಗ್ದ ಅಂತ ನನಗೇ ಗೊತ್ತಾಗಲ್ಲ.

ಚಂದ್ರಿಕೆ_ಗೌಡ

ವಾಟ್ಸಾಪ್ ಇದೆಯಲ್ಲ ಸ್ವಾಮಿ.

ದೊಡ್ಡಬಳ್ಳಾಪುರ_ಲೂಮ್

ಮಗ್ಗದೋರ ಕಡೆಯಿಂದ ಒಂದು ಮಾತು. ಸುಂಕ ಏರಿಸಿ ಅಂತ ನೀವು ಬರೆದ್ರೆ ಮಾರನೇ ದಿನ ನಾವು ಇಳಿಸಿ ಅಂತ ಬರೀತೀವಿ, ಬೇಜಾರು ಮಾಡ್ಕೋಬೇಡಿ. ನಾವೇನು ಚೀನಾ ಮೇಲಿನ ಪ್ರೀತಿಗೆ ಅಲ್ಲಿನ ನೂಲು ತರಲ್ಲ. ಪವರ್‌ಲೂಮ್‌ನಲ್ಲಿ ಹಾಸಿಗೆ, ಅಂದ್ರೆ ಉದ್ದದ ಎಳೆಗೆ, ಹಾಕೋ ನೂಲು ಒಂದೇ ಸಮ ಇರ್ಬೇಕು. ಗಂಟು, ದಪ್ಪ-ಸಣ್ಣ ಇದ್ರೆ ಮಗ್ಗ ಓಡೋ ವೇಗಕ್ಕೆ ಎಳೆ ಪಟಪಟ ಕಿತ್ಕೊಳ್ಳುತ್ತೆ. ಎಳೆ ಕಟ್ಟಿ ಕಟ್ಟಿ ದಿನವೇ ಹೋಗುತ್ತೆ. ಹೊಕ್ಕಿಗೆ, ಅಂದ್ರೆ ಅಡ್ಡ ಎಳೆಗೆ, ನಿಮ್ಮ ಶಿಡ್ಲಘಟ್ಟದ ನೂಲು ಚೆನ್ನಾಗೇ ಇದೆ, ಬಳಸ್ತೀವಿ. ಹಾಸಿಗೆ ಮಾತ್ರ ಎಲ್ಲಾ ಕೆಜಿನೂ ಒಂದೇ ಥರ ಕೊಡಿ, ನಾವು ಬಂದರಿನ ಕಡೆ ತಿರುಗಿಯೂ ನೋಡಲ್ಲ.

ಸುಂಕ ಏರಿದ್ರೆ ನಾನು ಸೀರೆ ರೇಟ್ ಏರಿಸ್ಬೇಕು. ಏರಿಸಿದ್ರೆ ಅಂಗಡಿಯೋರು ಸೂರತ್ ಪಾಲಿಯೆಸ್ಟರ್‌ಗೆ ಹೋಗ್ತಾರೆ. ಕೊನೆಗೆ ನಿಮ್ಮ ನೂಲೂ ಬೇಡ, ಚೀನಾದ್ದೂ ಬೇಡ.

ನಿವೃತ್ತ_ಪ್ರದರ್ಶಕ

ರೇಷ್ಮೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಲೂಮಿನವರು ಹೇಳಿದ್ದು ನಿಜ. ಆದರೆ ಅದರ ಬೇರು ಬೇಸಿನ್ನಿನಲ್ಲಿಲ್ಲ, ಗೂಡಿನಲ್ಲಿದೆ. ನಮ್ಮಲ್ಲಿ ಈಗಲೂ ಹೆಚ್ಚು ಬರುವುದು ಮಿಶ್ರತಳಿ ಗೂಡು, ಅಂದರೆ ಸಿಬಿ. ಎಳೆಯ ಉದ್ದ ಕಡಿಮೆ, ನಡುವೆ ತುಂಡಾಗುವುದು ಹೆಚ್ಚು. ದ್ವಿತಳಿ ಗೂಡಿನಿಂದ ಎ ದರ್ಜೆಗಳ (2ಎ, 3ಎ ಹೀಗೆ, ಅಂಕಿ ಹೆಚ್ಚಿದಷ್ಟೂ ಮೇಲು) ನೂಲು ತೆಗೆಯಬಹುದು, ಆರೂವರೆ ಕೆಜಿ ಗೂಡಿಗೇ ಒಂದು ಕೆಜಿ ನೂಲು ಸಿಕ್ಕುತ್ತದೆ. ಆಟೊಮ್ಯಾಟಿಕ್ ರೀಲಿಂಗ್ ಮಿಷಿನ್‌ಗೆ ದ್ವಿತಳಿಯೇ ಆಗಬೇಕು.

ಇನ್ನೊಂದು ವಿಷಯ. ಈ ಜಗಳ ಹೊಸದಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಚೀನಾ, ಜಪಾನಿನ ಅಗ್ಗದ ರೇಷ್ಮೆ ಮೈಸೂರು ಸಂಸ್ಥಾನದ ರೇಷ್ಮೆಯನ್ನು ಮಾರುಕಟ್ಟೆಯಿಂದಲೇ ಹೊರದಬ್ಬಿತ್ತು. ಟ್ಯಾರಿಫ್ ಬೋರ್ಡ್ 1933ರಲ್ಲಿ ವಿಚಾರಣೆ ನಡೆಸಿ, 1934ರಲ್ಲಿ ರಕ್ಷಣಾ ಸುಂಕ ಬಂತು. ಆಗಲೂ ನೇಕಾರರು "ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ" ಅಂದಿದ್ದರು, ಆಗಲೂ ಕೃತಕ ರೇಷ್ಮೆ ಬಾಗಿಲಲ್ಲೇ ನಿಂತಿತ್ತು. ಉಸಿರು ಬಂದಿದ್ದು ಎರಡನೇ ಮಹಾಯುದ್ಧದಲ್ಲಿ, ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ.

ಸಿಗ್ನಲ್_ಸಂತ್ರಸ್ತ

ನನಗೆ ಇಷ್ಟು ವರ್ಷ ಸಿಲ್ಕ್ ಬೋರ್ಡ್ ಅಂದ್ರೆ ಟ್ರಾಫಿಕ್ ಜಾಮ್ ಅಂತಷ್ಟೇ ಗೊತ್ತಿತ್ತು. ಅಲ್ಲಿ ನಿಜವಾಗ್ಲೂ ಸಿಲ್ಕಿನ ಕೆಲಸ ನಡೆಯುತ್ತಾ?

ನಿವೃತ್ತ_ಪ್ರದರ್ಶಕ

ನಡೆಯುತ್ತದೆ. ಕೇಂದ್ರ ರೇಷ್ಮೆ ಮಂಡಳಿ, 1948ರ ಕಾಯ್ದೆಯಡಿ ಆಗಿದ್ದು. ಸಿಗ್ನಲ್ ಬಿದ್ದಾಗ ಬೋರ್ಡ್ ಓದಿ.

ಸಿಗ್ನಲ್_ಸಂತ್ರಸ್ತ

ಅದು ಓದೋಕೆ ಟೈಮ್ ಧಾರಾಳ ಸಿಗುತ್ತೆ ಸಾರ್.

ಮುಕ್ತ_ಮಾರುಕಟ್ಟೆ

ನೇರವಾಗಿ ಕೇಳ್ತೀನಿ, ಬೈಬೇಡಿ. ಚೀನಾ ನಮಗಿಂತ ಅಗ್ಗವಾಗಿ, ನಮಗಿಂತ ಚೆನ್ನಾಗಿ ನೂಲು ತೆಗೀತದೆ ಅಂದ್ರೆ ಅಲ್ಲಿಂದ್ಲೇ ತಂದು ಇಲ್ಲಿ ಸೀರೆ ನೇಯ್ದು ಮಾರೋದ್ರಲ್ಲಿ ತಪ್ಪೇನು? ಸೀರೆಯ ಲಾಭ ನೂಲಿಗಿಂತ ಹೆಚ್ಚು. ಜಗತ್ತಲ್ಲಿ ರೇಷ್ಮೆ ಅತಿ ಹೆಚ್ಚು ಬಳಸೋ ದೇಶ ನಮ್ಮದು. ರೀಲರ್‌ಗಳನ್ನ ಕಾಪಾಡೋಕೆ ಗಿರಾಕಿ ಯಾಕೆ ಹೆಚ್ಚು ಕೊಡ್ಬೇಕು?

ಜಪಾನ್ ನೋಡಿ. 1974ರಲ್ಲಿ ಕಚ್ಚಾ ರೇಷ್ಮೆ ಆಮದನ್ನ ಸರ್ಕಾರಿ ಸಂಸ್ಥೆಯೊಂದರ ಕೈಗೆ ಕೊಟ್ಟು ಬಾಗಿಲು ಹಾಕಿದ್ರು. ಏನಾಯ್ತು? ಕಚ್ಚಾ ನೂಲು ನಿಂತ್ರೆ ಹುರಿ ನೂಲು, ಅಂದ್ರೆ ತಿರುಚಿದ ನೂಲು, ಬಂತು. ಅದಕ್ಕೆ ತಡೆ ಹಾಕಿದ್ರೆ ಅಮೆರಿಕ ಆಗಿನ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದ ಗ್ಯಾಟ್ ಅಡಿ ದೂರು ಕೊಟ್ಟಿತು, ಹೊರಗಿನೋರು ಬಟ್ಟೆನೇ ನೇಯ್ದು ಕಳಿಸೋಕೆ ಶುರು ಮಾಡಿದ್ರು. ಒಂದು ಕಾಲಕ್ಕೆ ಜಗತ್ತಿಗೇ ರೇಷ್ಮೆ ಕೊಟ್ಟ ದೇಶದಲ್ಲಿ ಇವತ್ತು ನೂಲು ತೆಗೆಯೋ ಕಾರ್ಖಾನೆ ಬೆರಳೆಣಿಕೆಯಷ್ಟು.

ಶಿಡ್ಲಘಟ್ಟ_ಬೇಸಿನ್

ತಪ್ಪೇನು ಅಂದ್ರೆ, ನನ್ನ ಫಿಲೇಚರ್ ಮುಚ್ಚಿದ್ರೆ ಗೌಡ್ರ ಗೂಡು ಯಾರು ತಗೋತಾರೆ? ಗೂಡನ್ನ ಚೀನಾಕ್ಕೆ ಕಳಿಸೋಕೆ ಆಗಲ್ಲ. ಒಣಗಿಸದೆ ಇಟ್ರೆ ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬರ್ತದೆ.

ಚಂದ್ರಿಕೆ_ಗೌಡ

ಇದು ಮಾತ್ರ ನಿಜ. ರೀಲರ್‌ಗಳ ಜೊತೆ ನಾವು ಎಷ್ಟು ಕಿತ್ತಾಡಿದ್ರೂ ಅವರು ಎದ್ದು ಹೋದ್ರೆ ನಮ್ಮ ಹಿಪ್ಪುನೇರಳೆ ಹಸುಗೆ ಹಾಕ್ಬೇಕಾಗ್ತದೆ. 2011ರಲ್ಲಿ ಸುಂಕ ಇಳಿಸಿದಾಗ ನಮ್ಮ ಪಕ್ಕದ ಹೊಲದೋರು ಸೊಪ್ಪಿನ ಗಿಡ ಕಿತ್ತು ಹಾಕಿದ್ದು ಕಣ್ಣಾರೆ ಕಂಡಿದ್ದೀನಿ. ಮತ್ತೆ ನಾಟಿ ಮಾಡಿ ತೋಟ ಕೈಗೆ ಬರೋಕೆ ಎಷ್ಟು ಕಾಲ ಬೇಕು ಗೊತ್ತಾ? ದಿಲ್ಲೀಲಿ ಒಂದು ಸಾಲು ಬದಲಾದ್ರೆ ಇಲ್ಲಿ ಗಿಡ ಬದಲಾಗಲ್ಲ.

ಮುಕ್ತ_ಮಾರುಕಟ್ಟೆ

ಹಾಗಾದ್ರೆ ನಿಮಗೆ ಬೇಕಿರೋದು ಹೆಚ್ಚು ಸುಂಕ ಅಲ್ಲ, ಅಲುಗಾಡದ ಸುಂಕ.

ಚಂದ್ರಿಕೆ_ಗೌಡ

ಎರಡೂ ಬೇಕು. ಕೇಳೋಕೇನು ಕಾಸು?

ರಾಮನಗರ_ಎಆರ್‌ಎಂ

ಅಸ್ಸಲಾಮು ಅಲೈಕುಂ, ನಮಸ್ಕಾರ. ರಾಮನಗರದಲ್ಲಿ ನಮ್ಮ ಕುಟುಂಬದ್ದು ಆಟೊಮ್ಯಾಟಿಕ್ ರೀಲಿಂಗ್ ಮಿಷಿನ್ (ಎಆರ್‌ಎಂ), 400 ಎಂಡ್, ಅಂದ್ರೆ ಒಟ್ಟಿಗೆ 400 ಎಳೆ. ತಮಾಷೆ ಕೇಳಿ: ಚೀನಾ ನೂಲಿಗೆ ಸರಿಸಾಟಿ ನೂಲು ತೆಗೀಬೇಕು ಅಂತ ಸರ್ಕಾರ ಸಬ್ಸಿಡಿ ಕೊಟ್ಟು ಹಾಕಿಸಿದ ಈ ಮಿಷಿನ್ ಬಂದಿದ್ದೇ ಚೀನಾದಿಂದ. ಬಿಡಿಭಾಗ ಬೇಕಾದ್ರೂ ಅಲ್ಲಿಂದ್ಲೇ.

ನೂಲು ಮಾತ್ರ ಬೆಂಕಿ ಇದೆ. ದೊಡ್ಡಬಳ್ಳಾಪುರದ ಅಣ್ಣ ಕೇಳ್ತಿರೋ ಹಾಸಿನ ನೂಲು ನಾವು ಕೊಡ್ತೀವಿ. ತೊಂದರೆ ಎಲ್ಲಿ ಅಂದ್ರೆ ಮಿಷಿನ್ನಿಗೆ ಹೊಟ್ಟೆ ತುಂಬ ದ್ವಿತಳಿ ಗೂಡು ಬೇಕು. ಏಷ್ಯಾದಲ್ಲೇ ದೊಡ್ಡ ಮಾರ್ಕೆಟ್ ಪಕ್ಕದಲ್ಲೇ ಇದೆ, ಆದ್ರೂ ಒಂದೊಂದು ತಿಂಗಳು ಮಿಷಿನ್ ಅರ್ಧ ಖಾಲಿ. ಕಂತು ಮಾತ್ರ ಪೂರ್ತಿ. ಮಿಷಿನ್ ಹಾಕೋಕೆ ಸಬ್ಸಿಡಿ ಇದೆ, ಮಿಷಿನ್ ಓಡ್ಸೋಕೆ ಇಲ್ಲ. ಉದ್ಘಾಟನೆಗೆ ಟೇಪ್ ಕತ್ತರಿಸೋಕೆ ಎಲ್ಲರೂ ಬಂದಿದ್ರು.

ಲೆಕ್ಕಪತ್ರ_ರಾಯರು

ವೃತ್ತಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್, ಕೆಲವು ರೀಲಿಂಗ್ ಘಟಕಗಳ ಲೆಕ್ಕ ನೋಡುತ್ತೇನೆ. ಯಾರೂ ಮಾತಾಡದ ಎರಡು ವಿಷಯ ಹೇಳುತ್ತೇನೆ.

ಮೊದಲನೆಯದು ಜಿಎಸ್‌ಟಿ. ಗೂಡಿಗೆ ತೆರಿಗೆ ಇಲ್ಲ, ಹುರಿ ಹಾಕದ ಕಚ್ಚಾ ರೇಷ್ಮೆಗೂ ಇಲ್ಲ. ಕೇಳೋಕೆ ಚೆಂದ. ಆದರೆ ಮಾರುವ ಮಾಲಿಗೆ ತೆರಿಗೆ ಇಲ್ಲದಿದ್ದರೆ ಕೊಂಡ ಮಿಷಿನ್, ಬಿಡಿಭಾಗ, ಬಾಯ್ಲರ್ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಬರುವುದಿಲ್ಲ. ಅದು ಸೀದಾ ಖರ್ಚಿಗೆ ಸೇರುತ್ತದೆ. ಚೀನಾದವನು ರಫ್ತು ಮಾಡುವಾಗ ಅವನ ದೇಶ ತೆರಿಗೆ ವಾಪಸ್ ಕೊಟ್ಟಿರುತ್ತದೆ. 15 ಪರ್ಸೆಂಟ್ ಸುಂಕದ ಒಂದಷ್ಟು ಭಾಗ ನಮ್ಮ ಕಡೆಯೇ ಹೀಗೆ ಸೋರಿಹೋಗುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ಪಟ್ಟಿಯಲ್ಲಿ ಕಚ್ಚಾ ರೇಷ್ಮೆ ಕೃಷಿ ಉತ್ಪನ್ನ. ನಮ್ಮ ಬ್ಯಾಂಕಿನಲ್ಲಿ ರೀಲರ್ ಮಾತ್ರ ಕೈಗಾರಿಕೆ, ಕೃಷಿ ಸಾಲದ ಬಡ್ಡಿ ಅವನಿಗಿಲ್ಲ.

ಎರಡನೆಯದು ಸಾಲದ ಮೇಲೆ ಮಾರುವ ವಿಷಯ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನಂಬರ್) ಇರುವ ಕಿರು, ಸಣ್ಣ ಘಟಕಕ್ಕೆ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈಗ ಆದಾಯ ತೆರಿಗೆಯಲ್ಲೂ ಒಂದು ನಿಯಮ ಬಂದಿದೆ: ಸಮಯಕ್ಕೆ ಕೊಡದಿದ್ದರೆ ಕೊಂಡವನಿಗೆ ಆ ವರ್ಷ ಆ ಖರ್ಚು ತೋರಿಸಲು ಬರುವುದಿಲ್ಲ. ನಿಮ್ಮಲ್ಲಿ ಎಷ್ಟು ಜನರ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಇದೆ?

ಶಿಡ್ಲಘಟ್ಟ_ಬೇಸಿನ್

ರಾಯರೇ, ನನ್ನ ಬಿಲ್ಲಿನ ಮೇಲೆ ಇದೆ. ನಂಬರ್ ನೋಡಿದ ಕೂಡಲೇ ಒಬ್ಬ ಪಾರ್ಟಿ "ಇನ್ಮೇಲೆ ನಿಮ್ಮ ಹತ್ರ ಬೇಡ, ನಂಬರ್ ಇಲ್ಲದೋರ ಹತ್ರ ತಗೋತೀನಿ" ಅಂದ. ಕಾನೂನು ಹಿಡ್ಕೊಂಡು ಸರ್ಕಾರದ ಪೋರ್ಟಲ್‌ಗೆ ದೂರು ಹಾಕ್ಬೋದು, ಆಮೇಲೆ ನೂಲು ಯಾರಿಗೆ ಮಾರ್ಲಿ? ಇಡೀ ಪೇಟೆ ಒಂದೇ ಬೀದಿಲಿದೆ.

ಲೆಕ್ಕಪತ್ರ_ರಾಯರು

ಗೊತ್ತು. ಅದಕ್ಕೇ ಒಬ್ಬೊಬ್ಬರೇ ಹಾಕಬೇಡಿ, ಎಲ್ಲ ರೀಲರ್‌ಗಳೂ ನೋಂದಣಿ ಮಾಡಿಸಿ ಅನ್ನುವುದು. ಎಲ್ಲರ ಬಿಲ್ಲಿನ ಮೇಲೂ ನಂಬರ್ ಇದ್ದರೆ ಅವನು ಎಲ್ಲಿ ಹೋಗುತ್ತಾನೆ?

ದೊಡ್ಡಬಳ್ಳಾಪುರ_ಲೂಮ್

ಚೀನಾಕ್ಕೆ ಹೋಗ್ತಾನೆ. 😂

ಪೀಣ್ಯ_ಲೇತ್

ಪೀಣ್ಯದಿಂದ ಓದ್ತಾ ಇದ್ದೀನಿ, ಸ್ವಲ್ಪ ಬೇರೆ ವಿಷಯ. ನಮ್ಮದು ಶೀಟ್ ಮೆಟಲ್, ಬ್ರಾಕೆಟ್, ಸಣ್ಣಪುಟ್ಟ ಭಾಗ. 2025ರ ಏಪ್ರಿಲ್‌ನಲ್ಲಿ ಆಮದು ಉಕ್ಕಿನ ಮೇಲೆ 12 ಪರ್ಸೆಂಟ್ ಸೇಫ್‌ಗಾರ್ಡ್ ಸುಂಕ ಬಂತು. ಕಾಪಾಡಿದ್ದು ಯಾರನ್ನ? ದೊಡ್ಡ ಉಕ್ಕಿನ ಕಂಪನಿಗಳನ್ನ. ಶೀಟಿನ ಬೆಲೆ ಹೆಚ್ಚಾದ್ರೆ ಕಟ್ಟೋದು ನಾವು. ಅದೇ ಬ್ರಾಕೆಟ್ ರೆಡಿ ಮಾಡಿ ಚೀನಾದೋನು ಕಳಿಸಿದ್ರೆ ಅದಕ್ಕೆ ಆ ಸುಂಕ ಇಲ್ಲ. ಅಂದ್ರೆ ನನ್ನ ಕಚ್ಚಾ ಮಾಲಿಗೆ ಬೇಲಿ, ನನ್ನ ತಯಾರಿ ಮಾಲಿಗೆ ಬಾಗಿಲು ತೆಗೆದಿದೆ. ನೀವು ನೂಲಿಗೆ ಸುಂಕ ಕೇಳುವಾಗ ಮಗ್ಗದೋರು ನನ್ನ ಜಾಗದಲ್ಲಿದ್ದಾರೆ ಅನ್ನೋದು ನೆನಪಿರಲಿ.

ಪಿಎಲ್‌ಐ, ಅಂದ್ರೆ ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನದ ಯೋಜನೆ, ಬಗ್ಗೆ ಯಾರಾದ್ರೂ ಹೇಳೋಕೆ ಮುಂಚೆ: 14 ವಲಯಕ್ಕೆ 1.97 ಲಕ್ಷ ಕೋಟಿ ಇಟ್ಟಿದ್ರು. ಅದರ ಹೂಡಿಕೆ ಮಿತಿ ನೋಡಿದ್ರೆ ನಮ್ಮಂಥೋರು ಅರ್ಜಿ ಹಾಕೋದಿರಲಿ, ಅರ್ಜಿ ಬರೆಯೋ ಕನ್ಸಲ್ಟೆಂಟ್ ಫೀಸೂ ಕೊಡೋಕಾಗಲ್ಲ.

ಮೈಸೂರು_ಊದುಬತ್ತಿ

ಪೀಣ್ಯದವರ ಮಾತಿಗೆ ನಮ್ಮ ಕಥೆ ಸೇರಿಸ್ತೀನಿ. ಊದುಬತ್ತಿಯಲ್ಲೂ ಹೀಗೇ ಆಯ್ತು. ವಿಯೆಟ್ನಾಮಿನಿಂದ ಕಚ್ಚಾ ಬತ್ತಿ ರಾಶಿ ರಾಶಿ ಬರ್ತಿತ್ತು, ನಮ್ಮೋರು ಇಲ್ಲಿ ಸುಗಂಧ ಅದ್ದಿ ಪ್ಯಾಕ್ ಮಾಡ್ತಿದ್ರು. 2019ರ ಆಗಸ್ಟ್ ಕೊನೇಲಿ ಆಮದು ನಿರ್ಬಂಧ ಹಾಕಿದ್ರು. 2020ರ ಜೂನ್‌ನಲ್ಲಿ ಬಿದಿರು ಕಡ್ಡಿ ಸುಂಕ 10ರಿಂದ 25ಕ್ಕೆ ಏರಿಸಿದ್ರು. ಬತ್ತಿ ಹೊಸೆಯೋ ಕೆಲಸ ಮನೆ ಮನೆಗೆ ವಾಪಸ್ ಬಂತು, ಅದು ಒಳ್ಳೇದು. ಆದ್ರೆ ಕಡ್ಡಿ? ನಮ್ಮ ದೇಶದಲ್ಲಿ ಬಿದಿರು ಬೇಕಾದಷ್ಟಿದ್ರೂ ಸರಿಯಾದ ಕಡ್ಡಿ ಸಿಗೋದು ಕಷ್ಟ ಆಯ್ತು. ದುಂಡು ಕಡ್ಡಿ ಇಲ್ದೆ ಮಿಷಿನ್ನಲ್ಲಿ ಬತ್ತಿ ಓಡಲ್ಲ. ಬೇಲಿ ಒಂದೇ ದಿನದಲ್ಲಿ ಹಾಕ್ಬೋದು, ಬೇಲಿ ಒಳಗೆ ಬೆಳೆ ಬರೋಕೆ ವರ್ಷಗಳು ಬೇಕು.

ದೇಶ_ಮೊದಲು

ಎಲ್ಲರೂ ಚೀನಾ ಮಾಲು ಕೊಳ್ಳೋದು ನಿಲ್ಲಿಸಿದ್ರೆ ಸಮಸ್ಯೆನೇ ಇರಲ್ಲ. ಹಿಂದಿನ ಸರ್ಕಾರದವರು ಮಾಡಿದ್ದು ಇದೆಲ್ಲ.

ಮೇಲೊಗರ

ಇದನ್ನ ಬರೆದ ಫೋನ್ ಎಲ್ಲಿಯದು ಸಾರ್?

ದೇಶ_ಮೊದಲು

ಅಸೆಂಬಲ್ ಮಾಡಿದ್ದು ಇಲ್ಲೇ.

ನಿರ್ವಾಹಕ

ಪಕ್ಷಗಳ ಜಗಳ ಬೇರೆ ಎಳೆಗೆ ಒಯ್ಯಿರಿ. ಇಲ್ಲಿ ರೇಷ್ಮೆ ಎಳೆ ಮಾತ್ರ.

ಇಳಕಲ್_ಕೊಂಡಿ

ನಮಸ್ಕಾರ್ರೀ. ನಾವು ಇಳಕಲ್ಲಿನವರು, ಕೈಮಗ್ಗ. ಇಲ್ಲಿ ಎಲ್ಲಾರೂ ಚೀನಾ ಚೀನಾ ಅನ್ನಾಕತ್ತೀರಿ, ನಮಗ ಹೊಡ್ತ ಕೊಟ್ಟಿದ್ದು ಚೀನಾ ಅಲ್ರೀ, ಪವರ್‌ಲೂಮಿನ ನಕಲಿ ಮಾಲು. ನಾವು ಸೆರಗಿನ ಎಳಿ ಒಂದೊಂದಾಗಿ ಮೈಯ ಹಾಸಿಗೆ ಕೊಂಡಿ ಹಾಕಿ ಕೂಡಸ್ತೀವಿ. ಟೋಪ್ ತೆನಿ ಸೆರಗು ನೇಯಾಕ ಎಷ್ಟ್ ತಾಸು ಬೇಕಂತ ಗೊತ್ತೇನು? ಅದ ಡಿಸೈನು ಪಾಲಿಯೆಸ್ಟರ್‌ದಾಗ ಪ್ರಿಂಟ್ ಹೊಡದು ಇಳಕಲ್ ಸೀರಿ ಅಂತ ಮಾರ್ತಾರ. ಜಿಐ, ಅಂದ್ರ ಊರಿನ ಹೆಸರಿನ ಕಾನೂನು ಮುದ್ರಿ, ಐತಿ, ಕಾಗದದ ಮ್ಯಾಲೆ ಐತಿ. ಸುಂಕ ಬಂದರಿನ್ಯಾಗ ಕಟ್ಟತಾರ. ಸಂತ್ಯಾಗ ಮಾರೂ ಸುಳ್ಳಿಗೆ ಯಾರ ಸುಂಕ ಹಾಕ್ತಾರ್ರೀ?

ದೊಡ್ಡಬಳ್ಳಾಪುರ_ಲೂಮ್

ಪವರ್‌ಲೂಮ್ ಅಂತ ಎಲ್ಲರನ್ನೂ ಸೇರಿಸಿ ಬೈಬೇಡಿ ಯಜಮಾನ್ರೇ. ನಾವು ರೇಷ್ಮೆ ಅಂತ ಹೇಳಿ ರೇಷ್ಮೆನೇ ಕೊಡ್ತೀವಿ.

ಇಳಕಲ್_ಕೊಂಡಿ

ನಿಮಗ ಅಂದಿಲ್ರೀ. ಅಂದ್ರೂ ಸ್ವಲ್ಪ ಹತ್ತಿರ್ಬೇಕು, ಅದಕ್ಕ ನೋವಾತು. 🙂

ನಿವೃತ್ತ_ಪ್ರದರ್ಶಕ

ಇಳಕಲ್ಲಿನವರ ಮಾತು ಗಟ್ಟಿಯಾದದ್ದು. ಸಿಲ್ಕ್ ಮಾರ್ಕ್ 2004ರಿಂದಲೇ ಇದೆ. ಚೀಟಿ ಇದ್ದರೆ ಅಪ್ಪಟ ರೇಷ್ಮೆ. ಆದರೆ ಆ ಚೀಟಿ ಯಾವ ದೇಶದ ರೇಷ್ಮೆ ಎಂದು ಹೇಳುವುದಿಲ್ಲ. ಚೀನಾ ನೂಲಿನಿಂದ ನೇಯ್ದದ್ದೂ ಅಪ್ಪಟವೇ. ಮನೆಯಲ್ಲಿ ನೋಡಬೇಕೆಂದರೆ ಒಂದು ಎಳೆ ಸುಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಗುಂಡು ಆದರೆ ಪಾಲಿಯೆಸ್ಟರ್.

ಸಿಗ್ನಲ್_ಸಂತ್ರಸ್ತ

ಹೆಂಡ್ತಿ ಮದುವೆ ಸೀರೆ ಮೇಲೆ ಟ್ರೈ ಮಾಡ್ಲಾ?

ಮೇಲೊಗರ

ಮಾಡಿ. ಆಮೇಲೆ ನಿಮ್ಮ ಕೂದಲು ಸುಟ್ಟ ವಾಸನೆ ಬರುತ್ತೆ.

ಬೇಸಿನ್_ಮಗಳು

ಇಷ್ಟುದ್ದ ಓದಿದೆ. ರೈತರು ಬಂದ್ರು, ರೀಲರ್ ಬಂದ್ರು, ಮಗ್ಗದೋರು, ಅಕೌಂಟೆಂಟು ಎಲ್ಲ ಬಂದ್ರು. ಬೇಸಿನ್ ಮುಂದೆ ಕೂರೋರು ಯಾರೂ ಬರಲಿಲ್ಲ. ನಮ್ಮಮ್ಮ ಕೆಲಸ ಮಾಡಿದ್ದು ಅಲ್ಲೇ. ಬಿಸಿನೀರಲ್ಲಿ ಬೆಂದ ಗೂಡಿನ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿ ಯಾವಾಗಲೂ ಬೆಳ್ಳಗೆ ಸುಕ್ಕಾಗಿರ್ತಿತ್ತು. ಹುಳದ ವಾಸನೆ ಸೀರೆಯಿಂದ ಹೋಗ್ತಾನೇ ಇರಲಿಲ್ಲ. ಫಿಲೇಚರ್‌ಗೆ ದುಡ್ಡು ಬರೋದು ತಡವಾದ ವಾರ ನಮ್ಮನೆಗೆ ಬಟವಾಡೆ ಇಲ್ಲ. ಮುಂಗಡ ತಗೊಂಡಿದ್ರೆ ಬೇರೆ ಕಡೆ ಹೋಗೋ ಹಾಗೂ ಇಲ್ಲ.

ನಾನು ಈಗ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿಗೆ ಮೊದಲು 25, ಆ ತಿಂಗಳ 27ಕ್ಕೆ ಇನ್ನೊಂದು 25 ಅಂತ ಸುಂಕ ಹಾಕಿದಾಗ ಮೊದಲು ನಿಂತಿದ್ದು ಓವರ್‌ಟೈಮ್. ನವೆಂಬರ್‌ನಲ್ಲಿ ರಫ್ತುದಾರರಿಗೆ 20,000 ಕೋಟಿ ಸಾಲ ಖಾತರಿ ಅಂತ ಕೇಂದ್ರ ಒಪ್ಪಿಗೆ ಕೊಡ್ತು. ಒಳ್ಳೇದೇ. ಆದ್ರೆ ಮಾಲೀಕರಿಗೆ ಕೊಟ್ಟ ನೆರವಿನಲ್ಲಿ "ಕೂಲಿ ನಿಲ್ಲಿಸಬಾರದು" ಅಂತ ಒಂದು ಷರತ್ತು ಹಾಕೋಕೆ ಇವರಿಗೆ ಯಾಕೆ ಕೈ ಬರಲ್ಲ? ನಿಮ್ಮ ಮನವಿಲಿ ಈ ಸಾಲು ಇರುತ್ತಾ?

ಶಿಡ್ಲಘಟ್ಟ_ಬೇಸಿನ್

ಅಕ್ಕಾ, ಸಾಲು ಹಾಕೋಣ. ಇಎಸ್‌ಐ ವಿಮೆ ಕೇಳೋಣ. ಆದ್ರೆ ಹತ್ತು ಜನರ ಒಳಗಿನ ಯೂನಿಟ್‌ಗಳೇ ಹೆಚ್ಚು, ಅವಕ್ಕೆ ಇಎಸ್‌ಐ ಕಡ್ಡಾಯ ಇಲ್ಲ.

ಬೇಸಿನ್_ಮಗಳು

ಅಸಂಘಟಿತ ಕಾರ್ಮಿಕರು ಅಂತ ಇ-ಶ್ರಮ್ ಕಾರ್ಡ್ ಮಾಡಿಸೋಕೆ ನಿಮ್ಮನ್ನ ಯಾರು ತಡೆದಿದ್ದಾರೆ? ಅದಕ್ಕೆ ಮನವಿ ಬೇಡ, ಒಂದು ಭಾನುವಾರ ಸಾಕು.

ರಾಮನಗರ_ಎಆರ್‌ಎಂ

ಆಪಾ ಹೇಳಿದ್ದು ಸರಿ. ಕೆಲಸದೋರು ಸಿಗ್ತಿಲ್ಲ ಅಂತ ಅಳೋರೂ ನಾವೇ.

ಮುಕ್ತ_ಮಾರುಕಟ್ಟೆ

ನನಗೊಂದು ಅನುಮಾನ. 2003ರಲ್ಲಿ ಚೀನಾ ರೇಷ್ಮೆ ಮೇಲೆ ಆ್ಯಂಟಿ ಡಂಪಿಂಗ್ ಸುಂಕ, ಅಂದ್ರೆ ತೀರಾ ಅಗ್ಗಕ್ಕೆ ತಂದು ಸುರಿಯೋದನ್ನ ತಡೆಯೋ ಸುಂಕ, ಇತ್ತಲ್ಲ, ಅದರಿಂದ ಏನಾದ್ರೂ ಆಯ್ತಾ?

ನಿವೃತ್ತ_ಪ್ರದರ್ಶಕ

ಅದು 2ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ ಮಾತ್ರ ಇತ್ತು. ಈಗ ನೀವೇ ಯೋಚಿಸಿ, ಆಮದುದಾರ ಕಾಗದದಲ್ಲಿ ಯಾವ ದರ್ಜೆ ಬರೆಯುತ್ತಾನೆ? ಬಂದರಿನಲ್ಲಿ ನೂಲನ್ನು ನೋಡಿದ ಮಾತ್ರಕ್ಕೆ ದರ್ಜೆ ಹೇಳಲು ಆಗುವುದಿಲ್ಲ. ಸೆರಿಪ್ಲೇನ್ ಹಲಗೆಗೆ ಸುತ್ತಿ, ಬೆಳಕಿನಲ್ಲಿ ಇಟ್ಟು ನೋಡಬೇಕು. ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ ಮನವಿಯಲ್ಲಿ ಸುಂಕದ ಪ್ರಮಾಣಕ್ಕಿಂತ ಬಂದರಿನಲ್ಲಿ ಪರೀಕ್ಷೆ ಕೇಳಿ. ಈಗಿರುವ 15 ಪೂರ್ತಿ ವಸೂಲಾದರೂ ದೊಡ್ಡದು.

ಚಂದ್ರಿಕೆ_ಗೌಡ

ಪ್ರದರ್ಶಕರೇ, ದ್ವಿತಳಿ ದ್ವಿತಳಿ ಅಂತೀರಲ್ಲ, ನಮ್ಮ ಕಷ್ಟನೂ ಕೇಳಿ. ಆ ಹುಳು ಬಲು ನಾಜೂಕು. ಬೇಸಿಗೇಲಿ ಬಿಸಿ ಜಾಸ್ತಿಯಾದ್ರೆ ಹಾಲುತೊಂಡೆ ರೋಗ, ಮಳೇಲಿ ಸುಣ್ಣಕಟ್ಟು. ಸಿಬಿ ಹುಳು ಒಂದಷ್ಟು ತಡ್ಕೊಳ್ಳುತ್ತೆ. ಇಷ್ಟೆಲ್ಲ ಮಾಡಿ ಮಾರ್ಕೆಟ್ಟಿಗೆ ತಂದ್ರೆ ದ್ವಿತಳಿಗೂ ಸಿಬಿಗೂ ರೇಟಲ್ಲಿ ವ್ಯತ್ಯಾಸ ಒಂದೊಂದು ದಿನ ಇರೋದೇ ಇಲ್ಲ. ಹುಳುಮನೆಗೆ ಸಬ್ಸಿಡಿ ಕೊಟ್ರಿ, ಡ್ರಿಪ್ಪಿಗೆ ಕೊಟ್ರಿ, ಸಂತೋಷ. ಗೂಡಿನ ಗುಣ ಅಳೆದು ಅದಕ್ಕೆ ತಕ್ಕ ದುಡ್ಡು ಕೊಡೋ ವ್ಯವಸ್ಥೆ ಆಗೋವರೆಗೆ ನಾನಂತೂ ಸಿಬಿನೇ ಮೇಯಿಸ್ತೀನಿ.

ರಾಮನಗರ_ಎಆರ್‌ಎಂ

ಗೌಡ್ರೇ, ನಿಮ್ಮೂರಲ್ಲಿ ಒಂದಿಷ್ಟು ಮನೆಯೋರು ಸೇರಿ ದ್ವಿತಳಿ ಮಾಡ್ತೀವಿ ಅಂದ್ರೆ ನಾನು ರೇಟ್ ಮೊದಲೇ ಮಾತಾಡಿ ತಗೋತೀನಿ. ಮಿಷಿನ್ ಖಾಲಿ ನಿಲ್ಲಿಸೋದಕ್ಕಿಂತ ಅದು ವಾಸಿ.

ಚಂದ್ರಿಕೆ_ಗೌಡ

ಮಾರ್ಕೆಟ್ ಹೊರಗೆ ಮಾರಿದ್ರೆ ಸಾಹೇಬ್ರು ಹಿಡೀತಾರೆ.

ರಾಮನಗರ_ಎಆರ್‌ಎಂ

ಹೊರಗಲ್ಲ, ಮಾರ್ಕೆಟ್ ಒಳಗೇ, ಕಾಗದದ ಮೇಲೇ. ಇಲಾಖೆಯೋರನ್ನೂ ಕೂರಿಸ್ಕೊಂಡು.

ಲೆಕ್ಕಪತ್ರ_ರಾಯರು

ಮನವಿಗೆ ಇದೇ ಒಳ್ಳೆಯ ಸಾಲು. ರೇಷ್ಮೆಗೆ ದುಡ್ಡಿಲ್ಲ ಅಂತಲ್ಲ: ಸಿಲ್ಕ್ ಸಮಗ್ರ-2 ಯೋಜನೆಗೆ 2021-22ರಿಂದ 2025-26ರವರೆಗೆ ಕೇಂದ್ರ 4,679.86 ಕೋಟಿ ಇಟ್ಟಿತ್ತು. ಇಂಥ ಯೋಜನೆಯಲ್ಲಿ ಹಣ ಕಟ್ಟಡ, ಮಿಷಿನ್, ತೋಟಕ್ಕೆ ಸುಲಭವಾಗಿ ಹೋಗುತ್ತದೆ, ಫೋಟೊ ತೆಗೆಯಬಹುದು. ಗೂಡು ಕೊಳ್ಳುವ ದುಡ್ಡಿಗೆ ಫೋಟೊ ಇಲ್ಲ. ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ಬಿಲ್ ಮಾರಿ ಹಣ ಪಡೆಯಿರಿ ಅನ್ನುತ್ತಾರೆ. ಅಲ್ಲಿ ಕಡ್ಡಾಯ ಇರುವುದು 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳಿಗೆ. ನಿಮ್ಮ ನೂಲು ಕೊಳ್ಳುವವರಲ್ಲಿ ಅಂಥವರು ಯಾರಿದ್ದಾರೆ?

ಹಾಗಾಗಿ ಕೇಳಬೇಕಾದ್ದು ಇದು: ನೂಲನ್ನು ಪರೀಕ್ಷೆ ಮಾಡಿ, ದರ್ಜೆ ಬರೆದು ಗೋದಾಮಿನಲ್ಲಿಟ್ಟರೆ ಆ ರಸೀದಿಯ ಮೇಲೆ ಬ್ಯಾಂಕ್ ಸಾಲ ಕೊಡಲಿ. ಬೆಲೆ ಬಿದ್ದ ದಿನವೇ ಮಾರುವ ಗತಿ ನಿಮಗಿರುವುದಿಲ್ಲ. ರಾಜ್ಯದ ರೇಷ್ಮೆ ಮಾರಾಟ ಮಂಡಳಿ 1979ರಲ್ಲಿ ಹುಟ್ಟಿದ್ದೇ ಇಂಥ ಸಮಯಕ್ಕೆ. ಅದರ ಕೈಯಲ್ಲಿ ದೊಡ್ಡ ಮೊತ್ತದ ಸುತ್ತುನಿಧಿ, ಅಂದರೆ ಮರಳಿ ಮರಳಿ ಬಳಸುವ ಹಣ, ಇಡಿ ಎಂದು ಬರೆಯಿರಿ.

ಮೇಲೊಗರ

ಬ್ಯಾಂಕಿನೋರು ಅಡಮಾನ ಕೇಳ್ತಾರೆ ರಾಯರೇ. ನಮ್ಮ ಮಾವನಿಗೆ ಒಂದು ಬ್ಯಾಂಕಲ್ಲಿ ಮನೆ ಪತ್ರ ತಗೊಂಬನ್ನಿ ಅಂದ್ರು, ಸಾಲ ಇದ್ದಿದ್ದು ಆರು ಲಕ್ಷ.

ಲೆಕ್ಕಪತ್ರ_ರಾಯರು

ಕಿರು, ಸಣ್ಣ ಘಟಕದ ಇಂಥ ಸಣ್ಣ ಸಾಲಕ್ಕೆ ಅಡಮಾನ ಕೇಳಬಾರದು ಎಂದು ಆರ್‌ಬಿಐ ನಿಯಮ ಬಹಳ ವರ್ಷದಿಂದ ಇದೆ. ದೊಡ್ಡ ಸಾಲಕ್ಕೆ ಸಿಜಿಟಿಎಂಎಸ್‌ಇ, ಅಂದರೆ ಸಣ್ಣ ಉದ್ದಿಮೆಗಳ ಸಾಲ ಖಾತರಿ ನಿಧಿಯ, ಖಾತರಿ ಇದೆ, 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ. ಬಾಯಲ್ಲಿ ಕೇಳಬೇಡಿ. ಅರ್ಜಿ ಬರೆದು ಕೊಟ್ಟು, ಆಗುವುದಿಲ್ಲ ಎಂದರೆ ಕಾರಣವನ್ನೂ ಬರೆದು ಕೊಡಿ ಎಂದು ಕೇಳಿ. ಅರ್ಧ ಜನ ಅಲ್ಲೇ ಮೆತ್ತಗಾಗುತ್ತಾರೆ.

ದೊಡ್ಡಬಳ್ಳಾಪುರ_ಲೂಮ್

ದರ್ಜೆ ಚೀಟಿ ಹಾಕಿದ ನೂಲು ಅಂದ್ರೆ ನಾನೂ ಸಹಿ ಹಾಕ್ತೀನಿ. ಕಟ್ಟು ಬಿಚ್ಚೋವರೆಗೆ ಒಳಗೇನಿದೆ ಗೊತ್ತಿಲ್ಲ ಅನ್ನೋದೇ ನಮ್ಮ ಭಯ. ಚೀನಾ ಪೆಟ್ಟಿಗೆ ಮೇಲೆ 3ಎ ಅಂತ ಬರೆದಿದ್ರೆ ಒಳಗೂ ಹೆಚ್ಚುಕಡಿಮೆ ಅದೇ ಇರುತ್ತೆ. ಇಲ್ಲಿ ಮೇಲಿನ ಲಡಿ ಚೆಂದ, ಒಳಗಿನದು ದೇವರಿಗೇ ಗೊತ್ತು.

ಶಿಡ್ಲಘಟ್ಟ_ಬೇಸಿನ್

ಎಲ್ಲರೂ ಹಾಗೆ ಮಾಡಲ್ಲ ಸ್ವಾಮಿ.

ದೊಡ್ಡಬಳ್ಳಾಪುರ_ಲೂಮ್

ಎಲ್ಲರೂ ಅಂದಿಲ್ಲ. ಮಾಡೋರು ಇದ್ದಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ದೇಶ_ಮೊದಲು

ಸುಂಕ 30 ಮಾಡಿ ಅಂತ ಒಂದೇ ಸಾಲು ಸಾಕು. ಇಷ್ಟೆಲ್ಲ ಯಾರು ಓದ್ತಾರೆ?

ಪೀಣ್ಯ_ಲೇತ್

ಒಂದೇ ಸಾಲಿಗೆ ಒಂದೇ ಸಾಲಿನ ಉತ್ತರ ಬರುತ್ತೆ: "ನಿಮ್ಮ ಮನವಿ ಪರಿಶೀಲನೆಯಲ್ಲಿದೆ."

ಶಿಡ್ಲಘಟ್ಟ_ಬೇಸಿನ್

ಸರಿ, ಕರಡು ಹೀಗೆ ಬರೀತಿದ್ದೀನಿ. ಮೊದಲು ನೂಲಿನ ಪರೀಕ್ಷೆ, ರಸೀದಿ ಮೇಲೆ ಸಾಲ. ಆಮೇಲೆ ದ್ವಿತಳಿ ಗೂಡಿಗೆ ಗುಣಕ್ಕೆ ತಕ್ಕ ಬೆಲೆ. ಸುಂಕದ ಬಗ್ಗೆ "ಏರಿಸಿ" ಅನ್ನಲ್ಲ, "ಐದು ವರ್ಷ ಮುಟ್ಟಬೇಡಿ, ಬಂದರಿನಲ್ಲಿ ದರ್ಜೆ ಪರೀಕ್ಷೆ ಮಾಡಿ" ಅಂತ. ಕೆಲಸದೋರ ವಿಷಯಕ್ಕೆ ಅಕ್ಕ ಹೇಳಿದ ಸಾಲು. ನಮ್ಮಲ್ಲಿ ಕೆಲವರು ಇದಕ್ಕೆ ಸಹಿ ಹಾಕಲ್ಲ, ಸುಂಕ ಮೊದಲಿಲ್ಲ ಅಂತ ಈಗ್ಲೇ ಮುನಿಸ್ಕೊಂಡಿದ್ದಾರೆ. ರಾಯರೇ, ಜಿಎಸ್‌ಟಿ ವಿಷಯ ಹೇಗೆ ಕೇಳ್ಬೇಕು? ತೆರಿಗೆ ಹಾಕಿ ಅಂತ ನಾವೇ ಕೇಳಿದ್ರೆ ಹುಚ್ಚ ಅಂತಾರೆ.

ಲೆಕ್ಕಪತ್ರ_ರಾಯರು

ತೆರಿಗೆ ಹಾಕಿ ಎಂದು ಕೇಳಬೇಡಿ. "ಮಿಷಿನ್ ಮೇಲೆ ಕಟ್ಟಿದ ಜಿಎಸ್‌ಟಿಯಷ್ಟು ಮೊತ್ತವನ್ನು ರಾಜ್ಯ ಸರ್ಕಾರ ಸಹಾಯಧನವಾಗಿ ಮರಳಿಸಲಿ" ಎಂದು ಬರೆಯಿರಿ. ಬಿಲ್ಲುಗಳ ನಕಲು ಲಗತ್ತಿಸಿ. ಉದ್ಯಮ್ ನಂಬರ್ ಇಲ್ಲದವರ ಬಿಲ್ ಸೇರಿಸಬೇಡಿ.

ಚಂದ್ರಿಕೆ_ಗೌಡ

ಮನವಿ ಕೊಡೋ ದಿನ ಹೇಳಿ, ನಾನೂ ಬರ್ತೀನಿ. ರೈತ ಇಲ್ಲದೆ ಹೋದ್ರೆ ನಿಮ್ಮ ಕಡೆ ಯಾರೂ ತಿರುಗಿ ನೋಡಲ್ಲ. ಊಟ ರೀಲರ್‌ಗಳದ್ದು.

ಶಿಡ್ಲಘಟ್ಟ_ಬೇಸಿನ್

ಊಟ ನಮ್ಮದೇ ಗೌಡ್ರೇ. ಮಂಗಳವಾರ ಹನ್ನೊಂದಕ್ಕೆ ಮಾರ್ಕೆಟ್ ಗೇಟ್ ಹತ್ರ. ಹರಾಜು ಮುಗಿದ ಮೇಲೆ.